ಹಸಿರು ಸೀರೆ ಕೊಟ್ಟು ಕಳಿಸುವ ಅಂಗಡಿ

ನಮ್ಮ ಅಂಗಡಿಯಲ್ಲಿ ಕೆಲಸದ ಹೆಂಗಸರಿಗೆ ಕುರ್ಚಿ ಸಿಗುತ್ತಿದ್ದದ್ದು ಒಂದೇ ಒಂದು ದಿನ, ಅದೂ ಬಸುರಿಯಾದರೆ ಮಾತ್ರ. ಉಳಿದ ದಿನವೆಲ್ಲ ಬೆಳಿಗ್ಗೆ ಶಟರ್ ಎತ್ತಿದಲ್ಲಿಂದ ನಿಂತೇ ಇರಬೇಕು. ಕೂರಲಿಕ್ಕೆ ಏನೂ ಇರಲಿಲ್ಲ ಎಂದಲ್ಲ. ಕೆಂಪು ರೆಕ್ಸಿನ್ ಹೊದಿಸಿದ ಸ್ಟೂಲುಗಳು ಸಾಲಾಗಿ ಇದ್ದವು. ಆದರೆ ಅವೆಲ್ಲ ಗಿರಾಕಿಗಳ ಗಂಡಂದಿರಿಗೆ ಮೀಸಲು. ಹೆಂಡತಿ ರಾಶಿ ಸೀರೆ ಬಿಚ್ಚಿಸಿ ಒಂದೂ ಬೇಡವೆಂದು ಏಳುವ ತನಕ ಆ ಪುಣ್ಯಾತ್ಮರು ಅದರ ಮೇಲೆ ಕೂತು ಮೊಬೈಲ್ ತಿಕ್ಕುತ್ತಾ ಆಕಳಿಸುತ್ತಿದ್ದರು. ನಾವು ಎದುರಿಗೆ ನಿಂತು ನಗುತ್ತಿದ್ದೆವು. ನಗುವುದೂ ಕೆಲಸದಲ್ಲೇ ಸೇರಿತ್ತು.

ಅಂಗಡಿ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರ. ಒಂದು ಮಗ್ಗುಲಿಗೆ ಲಾಡ್ಜು, ಇನ್ನೊಂದು ಮಗ್ಗುಲಿಗೆ ನಮ್ಮ ಉಡುಪಿ ಕಡೆಯವರ ಹೋಟೆಲು, ನಡುವೆ ನಮ್ಮ ಸೀರೆಗಳು. ಹೋಟೆಲಿನ ಒಗ್ಗರಣೆಯ ವಾಸನೆ ಗಾಳಿಯಲ್ಲಿ ಬಂದು ರೇಷ್ಮೆ ಸೀರೆಗೆ ಹತ್ತಿಕೊಳ್ಳುತ್ತದೆಂದು ಸೇಠ್ ಆ ಬದಿಯ ಕಿಟಕಿಗೆ ಹಲಗೆ ಹೊಡೆಸಿದ್ದರು. ನಾನು ಮುಲುಂಡ್‌ನಿಂದ ಬರುತ್ತಿದ್ದೆ. ದಾದರ್‌ನಲ್ಲಿ ಇಳಿದು, ಸೇತುವೆಯ ಮೇಲೆ ನೂಕಿಸಿಕೊಂಡು ವೆಸ್ಟರ್ನ್ ಲೈನಿಗೆ ದಾಟಿ, ಅಲ್ಲಿಯೂ ನಿಂತು, ಬಂದು ಅಂಗಡಿಯಲ್ಲಿಯೂ ನಿಂತು, ಸಂಜೆ ಮನೆಗೆ ಹೋಗಿ ಒಲೆಯ ಮುಂದೆ ಮತ್ತೊಮ್ಮೆ ನಿಲ್ಲುವುದು. "ನಿಂಗೆ ಕೂತ್ರೆ ಜ್ವರ ಬರ್ತದಾ ಹೇಗೆ ಮಾರಾಯ್ತಿ?" ಎಂದು ನನ್ನ ಗಂಡ ಸೋಫಾದ ಮೇಲೆ ಕಾಲು ಚಾಚಿಕೊಂಡು ಕೇಳುತ್ತಿದ್ದರು. ಉತ್ತರ ಹೇಳುವ ಬದಲು ನಾನು ಸೌಟು ತೋರಿಸುತ್ತಿದ್ದೆ.

ನಮ್ಮ ಸೇಠ್ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು. ಅವರ ಅಪ್ಪನ ಬಟ್ಟೆ ಅಂಗಡಿ ಅಲ್ಲಿತ್ತಂತೆ. ಮನೆಯಲ್ಲಿ ಯಾವ ಭಾಷೆಯೋ ಏನೋ, ನಮ್ಮೊಡನೆ ಮಾತ್ರ ಅಪ್ಪಟ ಹುಬ್ಬಳ್ಳಿ ಕನ್ನಡ. ಕೌಂಟರಿಗೆ ಕನ್ನಡದ ಹೆಂಗಸರನ್ನೇ ಹುಡುಕಿ ಹುಡುಕಿ ಇಟ್ಟುಕೊಳ್ಳುತ್ತಿದ್ದರು. ಪಾಪ, ಎಂಥಾ ಭಾಷಾಭಿಮಾನ ಎಂದು ನಾನು ಮೊದಮೊದಲು ಕಣ್ಣು ಒದ್ದೆ ಮಾಡಿಕೊಂಡಿದ್ದೆ. ಆಮೇಲೆ ತಿಳಿಯಿತು, ಗಿರಾಕಿಯ ಎದುರಿಗೇ ಗಿರಾಕಿಯ ಬಗ್ಗೆ ಮಾತಾಡಲು ಅವರಿಗೆ ಒಂದು ಭಾಷೆ ಬೇಕಾಗಿತ್ತು. "ಈಕಿ ಬರೇ ನೋಡಾಕ ಬಂದಾಳ, ಹಳೇ ಮಾಲು ತಗದು ತೋರಸು" ಎಂದು ಹಲ್ಲು ಬಿಡುತ್ತಲೇ ಹೇಳುವರು. ಒಮ್ಮೆ ಒಬ್ಬಾಕೆ ಸ್ಟೂಲಿನಿಂದ ಏಳದೆಯೇ, "ಹಳೇದು ಬ್ಯಾಡ್ರಿ, ಹೊಸಾದ ತಗೀರಿ, ನಾವೂ ಆ ಕಡೆದವರಽ" ಅಂದುಬಿಟ್ಟಳು. ಸೇಠ್ ಅವತ್ತು ಆಕೆಗೆ ತಾವೇ ಚಹಾ ತರಿಸಿಕೊಟ್ಟರು.

ಕೆಟ್ಟ ಮನುಷ್ಯ ಅಲ್ಲ. ಇದನ್ನು ನಾನು ಆಣೆ ಮಾಡಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನ ಕಥೆಯಲ್ಲಿ ಅವರು ಮೀಸೆ ತಿರುವುವ ಖಳನಾಯಕನ ಹಾಗೆ ಕಂಡಾರು. ಸಂಬಳ ತಡ ಮಾಡಿದವರಲ್ಲ. ದೀಪಾವಳಿಗೆ ಮಿಠಾಯಿ, ಮಳೆ ಜೋರಾಗಿ ರೈಲು ನಿಂತರೆ ಮನೆಗೆ ಹೋಗಲು ಟ್ಯಾಕ್ಸಿ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಕ್ಕ, ತಂಗಿ, ಮಗಳು, ಕಾಕಾ, ಎಲ್ಲರಿಗೂ ಒಂದೊಂದು ನೆಂಟಸ್ತಿಕೆ ಹಚ್ಚಿದ್ದರು. "ಇದು ಅಂಗಡಿ ಅಲ್ಲ, ಮನಿ" ಎಂಬುದು ಅವರ ಬಾಯಿಪಾಠ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೌಂಟರಿನ ಹೆಂಗಸು ಬಸುರಿಯಾಗಿ ಹೊಟ್ಟೆ ಕಾಣಿಸತೊಡಗಿತೋ, ಸೇಠ್ ಅವಳ ಉಡಿ ತುಂಬಿಸುತ್ತಿದ್ದರು. ತವರಿನಲ್ಲಿ ಮಾಡುವ ಹಾಗೆಯೇ. ಗಲ್ಲಾದ ಎದುರು ಕುರ್ಚಿ ಹಾಕಿ, ಅದಕ್ಕೊಂದು ಹೂವಿನ ಹಾರ ಕಟ್ಟಿ, ಅವಳನ್ನು ಕೂರಿಸಿ, ಅರಿಶಿನ ಕುಂಕುಮ, ಅಕ್ಕಿ, ತೆಂಗಿನಕಾಯಿ, ರವಿಕೆಯ ಕಣ, ಜರಿ ಅಂಚಿನ ಹಸಿರು ಸೀರೆ. ಸೀರೆ ಎಂದರೆ ಹಳೇ ಮಾಲಲ್ಲ, ಶೋಕೇಸಿನಲ್ಲಿ ಇಟ್ಟದ್ದು. ಗಿರಾಕಿಗಳೂ ಎದ್ದು ಬಂದು ಅಕ್ಷತೆ ಹಾಕುವರು. ಪೇಢೆ ಹಂಚುವುದು. "ಆರಾಮಾಗಿ ಹಡೆದು ಬಾ ಮಗಳ" ಎಂದು ಸೇಠ್ ತಲೆ ಮುಟ್ಟಿ ಹರಸುವರು. ನೋಡಿದವರಿಗೆ ಕಣ್ಣು ತುಂಬಿ ಬರಬೇಕು, ಹಾಗಿತ್ತು.

ಹಡೆದು ಬಾ ಎನ್ನುತ್ತಿದ್ದರು ನಿಜ. ಆದರೆ ಹಡೆದು ತಮ್ಮ ಕೌಂಟರಿಗೆ ಯಾರೂ ಮರಳಿದ್ದಿಲ್ಲ. ಉಡಿ ತುಂಬಿಸಿಕೊಂಡವಳು ಮರುದಿನದಿಂದ ಕೆಲಸಕ್ಕಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳದ ಮಾತು. ಅವಳ ಕೌಂಟರಿಗೆ ಮುಂದಿನ ವಾರವೇ ಇನ್ನೊಬ್ಬಳು ಬಂದು ನಿಲ್ಲುತ್ತಿದ್ದಳು.

ನನಗೂ ತುಂಬಿದ್ದರು. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ. ಸೆರಗು ತುಂಬ ಅಕ್ಕಿ ಕಟ್ಟಿಕೊಂಡು, ಮುಲುಂಡ್ ಲೋಕಲ್‌ನಲ್ಲಿ ಅಕ್ಕಪಕ್ಕದವರಿಗೆಲ್ಲ ಪೇಢೆ ಹಂಚಿ, ನಮ್ಮ ಸೇಠ್ ದೇವರಂಥವರು ಎಂದು ಬೀಗಿದ್ದೇ ಬೀಗಿದ್ದು. ಕೂಸು ಸ್ವಲ್ಪ ದೊಡ್ಡದಾದ ಮೇಲೆ ಅಂಗಡಿಗೆ ಹೋಗಿ, "ನಾನು ಬಂದೆ" ಅಂದೆ. "ಬಾ ತಾಯಿ, ಬಾ. ಜಾಗಾ ಖಾಲಿ ಆದ ಕೂಡಲೇ ಹೇಳ್ತೇನಿ" ಅಂದರು. ಜಾಗ ಖಾಲಿಯಾಗಲು ನನ್ನ ಮಗಳು ಶಾಲೆಗೆ ಸೇರಬೇಕಾಯಿತು. ಬಂದಾಗ ಹೊಸಬಳ ಸಂಬಳ, ಹೊಸಬಳ ಕೆಲಸ. ಸೀರೆ ಮಡಚಲು ನಾನೇ ಕಲಿಸಿದ್ದ ಹುಡುಗಿ ನನಗೆ "ಈ ಮಡಿಕೆ ಸರಿಯಿಲ್ಲ" ಎಂದಳು. ಹೊಟ್ಟೆ ಉರಿದುಹೋಯಿತು. ಆದರೂ ಸೇಠ್ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ಚೆಂದದ ಸೀರೆ ಕೊಟ್ಟವರ ಮೇಲೆ ಹೇಗೆ ಸಿಟ್ಟು ಮಾಡುವುದು, ಹೇಳಿ?

ಇಷ್ಟು ಹೇಳಿದ್ದು ಇನ್ನೊಬ್ಬ ಹುಡುಗಿಯ ಕಥೆಗೆ ಬರಲಿಕ್ಕೆ. ಅವಳು ವಿಜಯಪುರದ ಕಡೆಯವಳು, ಜೋಗೇಶ್ವರಿಯಲ್ಲಿ ಬಾಡಿಗೆ ಖೋಲಿ. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಗಿರಾಕಿಯೊಡನೆ ಹಿಂದಿ, ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಗಂಡ ಎಸಿ ರಿಪೇರಿಯವನು. ಬೇಸಗೆಯಲ್ಲಿ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಊಟ ಬಿಟ್ಟರೆ ಬೇರೆ ಕೆಲಸವಿಲ್ಲ. ಹಾಗಾಗಿ ಖೋಲಿಯ ಬಾಡಿಗೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ಕೌಂಟರಿನಲ್ಲಿ ನನ್ನ ಪಕ್ಕವೇ ಅವಳ ಜಾಗ. ಸೀರೆಯ ಸೆರಗನ್ನು ಗಿರಾಕಿಯ ಹೆಗಲ ಮೇಲೆ ಹಾಕಿ ಕನ್ನಡಿಯ ಕಡೆ ತಿರುಗಿಸುವ ಒಂದು ಕಲೆ ಅವಳಿಗೆ ಒಲಿದಿತ್ತು. ತಿರುಗಿದವಳು ಸೀರೆ ಬಿಟ್ಟು ಹೋದದ್ದು ಕಡಿಮೆ.

ಬಸುರಿಯಾದದ್ದನ್ನು ಅವಳು ನನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಓಢಣಿಯನ್ನು ಅಗಲ ಮಾಡಿ ಹೊದೆದು ತಿಂಗಳುಗಟ್ಟಲೆ ತಳ್ಳಿದಳು. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಸೊಂಟ ಹಿಡಿದುಕೊಂಡಿತೆಂದು ಗಂಡಂದಿರ ಸ್ಟೂಲಿನ ಮೇಲೆ ಒಂದು ಕ್ಷಣ ಕೂತಳು. ಅದೇ ಹೊತ್ತಿಗೆ ಸೇಠ್ ಊಟ ಮುಗಿಸಿ ಒಳಗೆ ಬಂದರು. ಬೈಯಲಿಕ್ಕೆಂದು ಬಾಯಿ ತೆರೆದವರ ಕಣ್ಣು ಓಢಣಿಯ ಮೇಲೆ ನಿಂತಿತು. ಮುಖ ಅರಳಿತು. "ಅಯ್ಯ ಮಗಳ! ಹೇಳಬಾರದೇನ ನನಗ? ಬರೂ ಶನಿವಾರ ಉಡಿ ತುಂಬೂಣು" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಕ್ಕಾ, ಮುಗೀತಲ್ರಿ ನನ್ನ ನೌಕರಿ" ಎಂದು ಪಿಸುಗುಟ್ಟಿದಳು.

ಆ ಸಂಜೆ ಮನೆಗೆ ಹೋದವಳು ನಾನು ಸೀದಾ ನಮ್ಮ ಬಿಲ್ಡಿಂಗಿನ ಮೇಲಿನ ಮಾಳಿಗೆ ಹತ್ತಿದೆ. ಅಲ್ಲಿ ನಮ್ಮವರದೇ ಒಬ್ಬಳು ಹುಡುಗಿ ಇದ್ದಾಳೆ, ಕಾರ್ಮಿಕರ ಕೇಸು ನಡೆಸುವ ವಕೀಲರೊಬ್ಬರ ಕೈಕೆಳಗೆ ಕೆಲಸ. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡವನ್ನು ಬಿಸಿ ಪಾತ್ರೆ ಮುಟ್ಟಿದ ಹಾಗೆ ಮುಟ್ಟಿ ಮುಟ್ಟಿ ಬಿಡುತ್ತಾಳೆ. ನಾನು ಉಡಿಯ ಕಥೆ, ಕುರ್ಚಿಯ ಕಥೆ, ಪೇಢೆಯ ಕಥೆ ಎಲ್ಲ ಹೇಳಿದೆ. ಅವಳು ಮ್ಯಾಗಿ ತಿನ್ನುವುದನ್ನು ನಿಲ್ಲಿಸಿ ಕೇಳಿದಳು.

"ಆಂಟಿ, ಒಂದು ಮಿನಿಟ್. ಸೀರೆ ಕೊಡ್ತಾರೆ, ಆಮೇಲೆ ಜಾಬ್ ಇಲ್ಲ?"

"ಇಲ್ಲ."

"ಆಂಟಿ, ಅದು ಗಿಫ್ಟ್ ಅಲ್ಲ. ಅದು ಟರ್ಮಿನೇಷನ್. ವಿತ್ ಕೋಕನಟ್!"

ನನಗೆ ನಗು ಬಂತು, ಆಮೇಲೆ ನಗು ಅಲ್ಲೇ ನಿಂತಿತು. ಅಷ್ಟು ವರ್ಷ ನಾನು ಸೀರೆಯೆಂದು ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡಿದ್ದು ನನ್ನನ್ನು ಕೆಲಸದಿಂದ ತೆಗೆದ ಪತ್ರವನ್ನೇ ಎಂದು ತಲೆ ಕೆಟ್ಟಿತು.

ಅವಳು ಬಿಡಿಸಿ ಹೇಳಿದಳು. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗೆಯೇ ಇಲ್ಲ. ಅಂಗಡಿಯ ಹುಡುಗಿ ಎಂಬತ್ತು ದಿನಕ್ಕಿಂತ ಹೆಚ್ಚು ಕೆಲಸ ಮಾಡಿದ್ದಾಳಾದ್ದರಿಂದ ಇಪ್ಪತ್ತಾರು ವಾರ ಸಂಬಳದ ರಜೆ ಅವಳ ಹಕ್ಕು, ಯಾರ ದಾನವೂ ಅಲ್ಲ. ಮುಗಿಸಿ ಬಂದರೆ ಅವಳ ಕೆಲಸ ಅವಳಿಗೇ. "ಬಟ್ ಆಂಟಿ, ಅಂಗಡಿಯಲ್ಲಿ ಹತ್ತು ಜನ ಬೇಕು ಕೆಲಸಕ್ಕೆ. ಒಂಬತ್ತು ಇದ್ರೆ ಈ ಕಾನೂನು ಬರೋದಿಲ್ಲ. ನಿಮ್ಮಲ್ಲಿ ಎಷ್ಟು?"

ನಾನು ಅಲ್ಲೇ ಬೆರಳು ಮಡಚಿದೆ. ಕೌಂಟರಿನಲ್ಲಿ ಹೆಂಗಸರು ಆರು, ನಾನೂ ಬಸುರಿ ಹುಡುಗಿಯೂ ಸೇರಿ. ಗೋಡೌನಿನಲ್ಲಿ ಗಂಡಸರು ಇಬ್ಬರು. ಚಹಾ ಮಾಡಿ, ಶಟರ್ ಎತ್ತಿ, ನೆಲ ಒರೆಸುವ ಮರಾಠಿ ಕಾಕಾ ಒಬ್ಬರು. ಗಲ್ಲಾದಲ್ಲಿ ಕೂತು ದುಡ್ಡು ಎಣಿಸುವವರು ಒಬ್ಬರು, ಸೇಠ್ ಅವರ ಹೆಂಡತಿಯ ತಮ್ಮ, ಅವರೂ ಹುಬ್ಬಳ್ಳಿ ಕಡೆಯವರೇ. ಸರಿಯಾಗಿ ಹತ್ತು. "ಆಯ್ತಲ್ಲ ಮಾರಾಯ್ತಿ!" ಎಂದು ಅವಳ ಬೆನ್ನಿಗೆ ಗುದ್ದಿದೆ. ಮ್ಯಾಗಿ ಚೆಲ್ಲಿತು.

ರಾತ್ರಿಯೇ ಫೋನಿನಲ್ಲಿ ಹೇಳಿದ್ದೆ, ಮರುದಿನ ಅಂಗಡಿಯ ಹುಡುಗಿ ರಜೆಗೆ ಅರ್ಜಿ ಬರೆದು ತಂದಳು. ಕೊಡುವಾಗ ನಾನೂ ಜೊತೆಗಿದ್ದೆ, ನನ್ನ ಬಾಯಿ ಜೋರು ಎಂದು ಎಲ್ಲರಿಗೂ ಗೊತ್ತು. ಸೇಠ್ ಓದಿ ನಕ್ಕರು. ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ನಕ್ಕವರಿಗೆ ಏನು ಮಾಡುವುದು?

"ಕಾನೂನು ನನಗೂ ಗೊತ್ತದ ಅಕ್ಕಾ. ಹತ್ತು ಮಂದಿ ನೌಕರರು ಬೇಕು. ನಮ್ಮಲ್ಲಿ ಎಲ್ಲಿ ಅದಾರ ಹತ್ತು?"

ನಾನು ಬೆರಳು ಮಡಚಿ ತೋರಿಸಿದೆ.

"ಗಲ್ಲಾದಾಗ ಕೂತಾಂವ ನನ್ನ ಹೇಣ್ತಿ ತಮ್ಮ. ಅಂವ ನೌಕರ ಹೆಂಗ ಆದ? ಮನಿಯಾಂವ."

"ತಿಂಗಳಾ ತಿಂಗಳಾ ಸಂಬಳ ತಗೊಳ್ತಾರಲ್ಲ ಅವರು?"

"ಅದು ಸಂಬಳ ಅಲ್ಲ, ಕೈಖರ್ಚು. ಇನ್ನ ಕಾಕಾ. ಅಂಗಡಿ ಸುರು ಆದಾಗಿಂದ ಅದಾನ, ನಮ್ಮ ಹಿರೇ ಮನಶ್ಯಾ ಇದ್ದಂಗ. ಈಕಿ ನನ್ನ ಮಗಳಿದ್ದಂಗ. ಅಷ್ಟ್ಯಾಕ, ನೀನೂ ನನ್ನ ಅಕ್ಕ ಇದ್ದಂಗ ಅಲ್ಲೇನು? ಅಕ್ಕನ್ನ ಯಾರರೆ ನೌಕರದಾಕಿ ಅಂತಾರೇನು?"

ಹೀಗೆ ಬೆರಳುಗಳನ್ನು ಒಂದೊಂದೇ ಬಿಡಿಸಿ ಹತ್ತನ್ನು ಆರು ಮಾಡಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಗೋಡೌನಿನವರಿಗೂ ಭಾವ ಮೈದುನ ಎಂದು ಹೆಸರಿಟ್ಟು, ಅಂಗಡಿಯಲ್ಲಿ ಒಬ್ಬ ನೌಕರನೂ ಇಲ್ಲ, ಸೀರೆಗಳು ತಾವಾಗಿಯೇ ಮಾರಾಟವಾಗುತ್ತಿವೆ ಎನ್ನುತ್ತಿದ್ದರೋ ಏನೋ. "ಅರ್ಜಿ ಗಿರ್ಜಿ ಇರಲಿ, ಶನಿವಾರ ಛಂದಂಗಿ ತಯಾರಾಗಿ ಬಾ" ಎಂದು ಹುಡುಗಿಯ ತಲೆ ಸವರಿ ಒಳಗೆ ಹೋದರು.

ಉಳಿದ ಹೆಂಗಸರು ನನ್ನ ಮೇಲೆ ಬಿದ್ದರು. ನಿಮಗೆ ಯಾಕೆ ಇಲ್ಲದ ಉಸಾಬರಿ, ಇಷ್ಟು ಪ್ರೀತಿಯಿಂದ ಮಾಡುವವರು ಯಾರಿದ್ದಾರೆ, ನಾಳೆ ನಮಗೆ ಸಿಗುವ ಸೀರೆಗೂ ಕಲ್ಲು ಹಾಕುತ್ತೀರಾ, ಹೀಗೆ. ನನಗೆ ರೇಗಿಹೋಯಿತು. "ಸೀರೆ ಬೇಕಾ, ಕೆಲಸ ಬೇಕಾ, ಮೊದಲು ಅದು ಹೇಳಿ" ಎಂದೆ. ಒಬ್ಬಳು ಸೀರೆ ಮಡಚುವ ನೆಪದಲ್ಲಿ ಆಚೆ ತಿರುಗಿದಳು.

ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ದೂರು ಕೊಡೋಣ, ಮೇಲಿನ ಮನೆಯ ಹುಡುಗಿ ಬರುತ್ತಾಳೆ, ಅವಳ ಪ್ರಕಾರ ಹತ್ತೂ ಜನ ಲೆಕ್ಕಕ್ಕೆ ಬರುತ್ತಾರೆ ಎಂದು ನಾನು ಹುಡುಗಿಗೆ ಹೇಳಿದೆ. ಮಧ್ಯಾಹ್ನ ಗೋಡೌನಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದೆವು. ಅವಳು ನನ್ನ ಡಬ್ಬಿಯಿಂದ ಬಂಗುಡೆ ಮೀನಿನ ತುಂಡೊಂದನ್ನು ಎತ್ತಿಕೊಂಡಳು. ಬಸುರಿ ಬಯಕೆ ಎಂದು ವಾರಕ್ಕೆರಡು ಸಲ ನಾನು ತರುತ್ತಿದ್ದೆ.

"ದೂರು ಕೊಡೂಣು ಅಕ್ಕಾ, ಬ್ಯಾಡ ಅನ್ನಂಗಿಲ್ಲ. ಆದ್ರ ನಾಳೆ ಕೇಳಿದ್ರ ಕಾಕಾ ಏನಂತಾನ? ಗಲ್ಲಾದ ಭೈಯಾ ಏನಂತಾನ? ನಾವು ಮನಿಯವರು ಅಂದ್ರ ಮುಗೀತು."

"ಹಾಗಾದ್ರೆ ಶನಿವಾರ ಬರ್ಲೇಬೇಡ."

"ಬರಲಿಲ್ಲ ಅಂದ್ರ, ತಾನಽ ಬಿಟ್ಟು ಹೋದ್ಲು ಅಂತಾರ." ಮುಳ್ಳು ಬಿಡಿಸುತ್ತಾ ಹೇಳಿದಳು. "ಬರ್ತೀನಿ. ನಾ ಯಾಕ ಬಿಡ್ಲಿ ಅಕ್ಕಾ? ಕೂಸು ಹುಟ್ಟಿದ ಮ್ಯಾಲ ಖರ್ಚು ಹೆಚ್ಚಾಗತೈತಿ, ಕಡಿಮಿ ಆಗಂಗಿಲ್ಲ."

ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಶನಿವಾರದ ತನಕ ನನಗೆ ನಿದ್ದೆ ಸರಿಯಾಗಲಿಲ್ಲ. ನನ್ನ ಗಂಡನ ಮೇಲೆ ಕಾರಣವಿಲ್ಲದೆ ಎಗರಾಡಿದೆ. ಪಾಪ, ಅವರು ತಾವಾಗಿಯೇ ಸೋಫಾ ಬಿಟ್ಟು ಎದ್ದು ಅಕ್ಕಿ ತೊಳೆದರು.

ಶನಿವಾರ ಬಂತು. ಗಲ್ಲಾದ ಎದುರು ಕುರ್ಚಿ, ಕುರ್ಚಿಗೆ ಸೇವಂತಿಗೆ ಹಾರ. ಹುಡುಗಿ ತಿಳಿಹಳದಿ ಸಲ್ವಾರ್ ಹಾಕಿ, ಮೇಲೆ ಕಸೂತಿಯ ಓಢಣಿ ಹೊದ್ದು ಬಂದಿದ್ದಳು. ನೋಡಲು ಎರಡು ಕಣ್ಣು ಸಾಲದು. ಕುಂಕುಮದ ಬದಲು ಹೂ ಕೊಡಿ ಸಾಕು ಎಂದು ಸೇಠ್ ಅವರೇ ಹೇಳಿದರು, ಅಷ್ಟು ತಿಳಿವಳಿಕೆ ಅವರಿಗಿತ್ತು. ಗಿರಾಕಿಗಳು ಏಳೆಂಟು ಮಂದಿ, ಅವರ ಗಂಡಂದಿರು ಸ್ಟೂಲಿನ ಮೇಲೆ. ಎಲ್ಲರಿಗಿಂತ ಹಿರಿಯ ಮುತ್ತೈದೆ ನಾನೇ ಎಂದು ಉಡಿ ತುಂಬುವ ತಟ್ಟೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಅಕ್ಕಿ, ಕಾಯಿ, ಕಣ, ಹಸಿರು ಸೀರೆ. ತಟ್ಟೆ ಭಾರವಿತ್ತು. ನನ್ನ ಕೈಯಿಂದಲೇ ಇವಳ ಕೆಲಸ ಹೋಗಬೇಕೇ ಎಂದುಕೊಂಡೆ.

ಉಡಿ ತುಂಬಬೇಕಾದರೆ ಕೂತವಳು ಸೆರಗನ್ನೋ ಓಢಣಿಯನ್ನೋ ಒಡ್ಡಬೇಕು. ಅವಳು ಒಡ್ಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಳು.

"ಒಡ್ಡು ಮಗಳ, ನಾಚಬ್ಯಾಡ" ಎಂದರು ಸೇಠ್.

"ಒಡ್ತೀನ್ರಿ. ನಮ್ಮ ಮನ್ಯಾಗೂ ಏಳನೇ ತಿಂಗಳಿಗೆ ಉಡಿ ತುಂಬತಾರ, ಬ್ಯಾಡ ಅನ್ನಬಾರದು. ಆದ್ರ ಮೊದಲ ನನ್ನ ರಜಾದ್ದು ಹೇಳ್ರಿ."

"ಈಗ್ಯಾಕ ಆ ಮಾತು? ರಜಾ ಯಾತರದು? ಮಗಳು ನೀನು. ಮನಿಗೆ ಹೋಗು, ಆರಾಮಿರು."

ಅವಳು ತಲೆಯೆತ್ತಿದಳು. ದನಿ ಕೊನೆಯ ಸ್ಟೂಲಿನವರೆಗೂ ಕೇಳಿಸಿತು.

"ಮಗಳಾದ್ರ ಮನಿಗೆ ಕಳಸ್ತೀರಿ ಸೇಠ್‌ಜಿ. ನೌಕರದಾಕಿ ಆದ್ರ ರಜಾ ಕೊಡ್ತೀರಿ. ನನಗ ಮಗಳು ಅನಬ್ಯಾಡ್ರಿ. ನೌಕರದಾಕಿ ಅನ್ರಿ. ನನ್ನ ಎಣಿಕ್ಯಾಗ ಹಿಡೀರಿ."

ಸೇಠ್ ಮುಖ ಕೆಂಪಾಗಿ, ಗಿರಾಕಿಗಳ ಕಡೆ ನೋಡಿ ನಗಲು ಹೋದರು, ನಗು ಬರಲಿಲ್ಲ. ಅವರಿಗೆ ನೋವಾಗಿತ್ತು ಎಂದು ನನಗೆ ಕಂಡಿತು. ಅವರು ಮಗಳು ಎಂದದ್ದು ಸುಳ್ಳೇನೂ ಅಲ್ಲ, ಅದೇ ಕಷ್ಟ.

ನಾನು ತಟ್ಟೆಯನ್ನು ಕೌಂಟರಿನ ಮೇಲೆ ಇಟ್ಟೆ. "ಸೇಠ್‌ಜಿ, ನಾನು ನಿಮ್ಮ ಅಕ್ಕ ಅಲ್ಲ. ನನ್ನನ್ನೂ ಎಣಿಸಿ" ಎಂದೆ. ಇಷ್ಟು ಹೇಳಲು ನನಗೆ ಎಷ್ಟು ವರ್ಷ ಬೇಕಾಯಿತು! ಅವರೇ ಒಪ್ಪಿದ್ದು ಆರು, ಅವಳು ಏಳು, ನಾನು ಎಂಟು. ಅಲ್ಲಿಗೆ ನಿಂತಿತು. ಎಂಟಕ್ಕೆ ಯಾವ ಕಾನೂನೂ ಇಲ್ಲ. ಹುಡುಗಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ.

ಹಿಂದಿನಿಂದ ಕಪ್ಪು ಬಸಿಗಳ ಸದ್ದಾಯಿತು. ಪೇಢೆಯ ಜೊತೆ ಹಂಚಲು ಚಹಾ ತರುತ್ತಿದ್ದ ಕಾಕಾ ಟ್ರೇ ಹಿಡಿದುಕೊಂಡೇ ನಿಂತಿದ್ದರು. ಆ ಮನುಷ್ಯ ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. "ಸೇಠ್, ಮಲಾ ಪಣ ಧರಾ" ಎಂದರು. ನನ್ನನ್ನೂ ಹಿಡಿಯಿರಿ, ಅಷ್ಟೇ. ಹೇಳಿ, ಏನೂ ಆಗಿಲ್ಲವೆಂಬಂತೆ ಗಂಡಂದಿರಿಗೆ ಚಹಾ ಕೊಡುತ್ತಾ ಹೋದರು.

ಒಂಬತ್ತು.

ಸೇಠ್ ಒಂದು ಉಸಿರು ಬಿಟ್ಟು, "ಆತು, ಎಲ್ಲಾರೂ ಕೂಡಿ ಮಾತಾಡ್ಕೊಂಡಽ ಬಂದೀರಿ" ಎಂದರು. ದೇವರಾಣೆ, ಮಾತಾಡಿಕೊಂಡಿರಲಿಲ್ಲ. "ಒಂಬತ್ತಽ ಆತಲ್ಲ. ಹತ್ತು ಎಲ್ಲದ?" ಈ ಸಲ ಅವರಿಗೆ ನಗು ಬಂತು. ಗೆದ್ದವರ ನಗು.

ಗಲ್ಲಾದ ಖಾನೆ ಮುಚ್ಚಿದ ಸದ್ದು ಕೇಳಿಸಿತು. ಸೇಠ್ ಅವರ ಹೆಂಡತಿಯ ತಮ್ಮ ಎದ್ದು ನಿಂತಿದ್ದರು. ನಮ್ಮ ಅಂಗಡಿಯಲ್ಲಿ ಕೂತು ಕೆಲಸ ಮಾಡುವ ಒಬ್ಬನೇ ಮನುಷ್ಯ ಎಂದು ನಾವೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದದ್ದು ಅವರ ಮೇಲೆಯೇ. ವಾರಕ್ಕೊಂದು ದಿನ ನಮಗೆಲ್ಲ ಸರದಿಯ ಮೇಲೆ ರಜೆ ಸಿಗುತ್ತಿತ್ತು. ಅವರು ಯಾವತ್ತಾದರೂ ರಜೆ ಹಾಕಿದ್ದರೇ ಎಂದು ಆಗ ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ. ಮನೆಯವನಿಗೆ ಎಂಥಾ ರಜೆ?

"ಜೀಜಾಜಿ," ಎಂದರು ಅವರು. ಸೇಠ್ ಮುಖ ನೋಡಲಿಲ್ಲ, ಮೇಜಿನ ಮೇಲೆ ಬಿದ್ದಿದ್ದ ಸೇವಂತಿಗೆಯ ಎಸಳನ್ನು ಬೆರಳಿನಲ್ಲಿ ಒತ್ತುತ್ತಾ ಹೇಳಿದರು. "ನನ್ನೂ ಎಣಿಸಿಬಿಡ್ರಿ. ನಂದೂ ನೌಕರೀನಽ ಐತಿ."

ಸೇಠ್ ಗಂಡಂದಿರ ಸ್ಟೂಲೊಂದನ್ನು ಎಳೆದುಕೊಂಡು ಕೂತುಬಿಟ್ಟರು. "ಆಕಿದು ರಜಾ ಬರಕೋ" ಎಂದರು ಮೆಲ್ಲಗೆ, ಹೆಂಡತಿಯ ತಮ್ಮನಿಗೆ. "ಪಗಾರ ಸುದ್ದಾ. ತಿರಗಿ ಬಂದ ಮ್ಯಾಲ ಕೌಂಟರ್ ಆಕಿದಽ ಅಂತನೂ ಬರಿ."

ಹುಡುಗಿ ಓಢಣಿ ಒಡ್ಡಿದಳು. ನಾನು ಅಕ್ಕಿ ಸುರಿದೆ, ಕಾಯಿ ಇಟ್ಟೆ, ಸೀರೆ ಇಟ್ಟೆ. ಕಣ್ಣೀರು ಬಂದು ಏನೂ ಕಾಣಿಸದೆ ಅರ್ಧ ಅಕ್ಕಿ ನೆಲಕ್ಕೆ ಹೋಯಿತು. ಅವಳು ನಗುತ್ತಾ, "ಸಾವಕಾಶ ಅಕ್ಕಾ, ಸಾವಕಾಶ" ಎನ್ನುತ್ತಿದ್ದಳು. ಗಲ್ಲಾದ ಕಡೆ ನೋಡಿದರೆ, ಆ ಮನುಷ್ಯ ಅವಳ ರಜೆ ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕದೆ ಹಾಗೇ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಎಲ್ಲರೆದುರಿಗೇ ಕೇಳಿದರು, "ಜೀಜಾಜಿ, ನನಗ ವಾರದಾಗ ಯಾವ ದಿನ ರಜಾ?"